ಹೆರಿಗೆಗೆ ಮುಂಚಿನ ಒಂದು ಹಾಸಿಗೆ

ಹತ್ತೊಂಬತ್ತನೇ ಶತಮಾನದ ಹೆರಿಗೆ ಆಸ್ಪತ್ರೆಗಳು ಇದ್ದುದು ಮುಖ್ಯವಾಗಿ ಹೆರಿಗೆಗೆ. ಏಳನೇ ತಿಂಗಳಲ್ಲೇ ಕಾಲು ಬಾತು, ತಲೆ ಸಿಡಿದು, ಕಣ್ಣು ಮಂಜಾದ ಚೊಚ್ಚಲ ಬಸುರಿ ನೋವು ಬರುವವರೆಗೆ ಮನೆಯಲ್ಲೇ ಕಾಯಬೇಕಿತ್ತು.

ಅಪಾಯದ ಸುಳಿವು ಮೊದಲೇ ಸಿಕ್ಕಿತ್ತು. 1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಫಿಟ್ಸ್ ಬಂದ ಗರ್ಭಿಣಿಯರ ಮೂತ್ರ ಪರೀಕ್ಷಿಸಿದರು. ಕಾಯಿಸಿದಾಗ ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೆಪ್ಪುಗಟ್ಟಿತು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿ ತಂದರು. ತೊಡಕಿನ ಇನ್ನೊಂದು ಗುರುತಾದ ಏರಿದ ರಕ್ತದೊತ್ತಡವನ್ನೂ ಈಗ ಅಳೆಯಬಹುದಿತ್ತು. ಸಲಕರಣೆ ಇತ್ತು, ಮಲಗಿಸಿ ನೋಡಿಕೊಳ್ಳಲು ಜಾಗವಿರಲಿಲ್ಲ.

1901ರಲ್ಲಿ ಎಡಿನ್‌ಬರೋದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್, ತೊಡಕಿನ ಗರ್ಭಿಣಿಯರಿಗೆಂದೇ ಆಸ್ಪತ್ರೆ ಬೇಕೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅದೇ ವರ್ಷ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಸಿಕ್ಕಿದ್ದು ಒಂದೇ ಹಾಸಿಗೆ. ಆದರೂ ಅದು ಬಹು ದೊಡ್ಡ ಗೆಲುವು: ಹೆರುವ ಮುನ್ನವೂ ಹೆಣ್ಣಿಗೆ ಆಸ್ಪತ್ರೆಯ ಆರೈಕೆ ಬೇಕೆಂದು ಒಪ್ಪಿಕೊಂಡಂತಾಯಿತು.

ಹಾಸಿಗೆಯ ನಂತರ ಮದ್ದಿನ ಸರದಿ. 2002ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ 33 ದೇಶಗಳ ಮ್ಯಾಗ್‌ಪೈ ಅಧ್ಯಯನ, ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇಂಥ ಗರ್ಭಿಣಿಯರ ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದು ತೋರಿಸಿತು.

ಈಗ ಪ್ರತಿ ತಿಂಗಳ 9ರಂದು ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಮನೆಯಲ್ಲಿ ಬಸುರಿ ಇದ್ದರೆ, ದಯವಿಟ್ಟು ಆ ದಿನ ಕರೆದೊಯ್ಯಿರಿ.