ಒಲೆಗ್ ಲೋಸೆವ್: ಶೀತಪ್ರಕಾಶದ ಶೋಧಕ

ತ್ವೆರ್ ನಗರದಲ್ಲಿ ಜನಿಸಿದ ಒಲೆಗ್ ಲೋಸೆವ್ (1903–1942) ಸೋವಿಯತ್ ರೇಡಿಯೋ ತಂತ್ರಜ್ಞಾನದ ಆರಂಭಕಾಲದ ಪ್ರಮುಖ ಸಂಶೋಧಕರು. ನಿಜ್ನಿ ನೋವ್‌ಗೊರೊದ್ ರೇಡಿಯೋ ಪ್ರಯೋಗಾಲಯದಲ್ಲಿದ್ದಾಗ, 1922ರಲ್ಲಿ, ನಿರ್ವಾತ ಕೊಳವೆಯ ನೆರವಿಲ್ಲದೆ ಹರಳಿನಿಂದಲೇ ರೇಡಿಯೋ ಸಂಕೇತಗಳನ್ನು ವರ್ಧಿಸಬಹುದೆಂಬುದನ್ನು ಅವರು ತೋರಿಸಿಕೊಟ್ಟರು.

ವಿದ್ಯುತ್ ಹರಿದಾಗ ಕಾರ್ಬೊರಂಡಮ್ ಹರಳು ಬೆಳಗುವುದನ್ನು ಬ್ರಿಟನ್ನಿನ ಹೆನ್ರಿ ರೌಂಡ್ 1907ರಲ್ಲಿಯೇ ವರದಿ ಮಾಡಿದ್ದರು. ಆದರೆ ಅದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದವರು ಲೋಸೆವ್. ಬೆಳಗುತ್ತಿದ್ದ ಹರಳಿನ ಮೇಲೆ ಅವರು ಬೇಗ ಆವಿಯಾಗುವ ದ್ರವದ ಹನಿಯನ್ನಿಟ್ಟರು. ಹನಿಯು ನಿಧಾನವಾಗಿಯೇ ಆರಿತು. ಆದುದರಿಂದ ಆ ಬೆಳಕಿಗೆ ಶಾಖವು ಕಾರಣವಲ್ಲವೆಂದು ನಿರ್ಣಯಿಸಿದರು. ಇದನ್ನು ಸಂಕೇತವಾಹಕವಾಗಿ ಬಳಸುವ ಸಾಧನಕ್ಕೆ 1927ರಲ್ಲಿ ಪೇಟೆಂಟ್ ಕೋರಿದರು.

1942ರ ಜನವರಿಯಲ್ಲಿ, ಮುತ್ತಿಗೆಗೊಳಗಾಗಿದ್ದ ಲೆನಿನ್‌ಗ್ರಾದ್‌ನಲ್ಲಿ, ಲೋಸೆವ್ ಹಸಿವಿನಿಂದ ನಿಧನರಾದರು. ಕಣ್ಣಿಗೆ ಕಾಣುವ ಬೆಳಕು ನೀಡುವ, ಬಳಕೆಗೆ ಯೋಗ್ಯವಾದ ಎಲ್‌ಇಡಿ ರೂಪುಗೊಂಡದ್ದು 1962ರಲ್ಲಿ. ಅದರ ಇತಿಹಾಸದ ಮೊದಲ ಪುಟಗಳಲ್ಲಿ ಲೋಸೆವ್ ಅವರ ಹೆಸರು ಇರಬೇಕಾದುದು ನ್ಯಾಯ.