ದಂಡಿನ ತಿಪ್ಪೆಗಳ ಪರಿಶೋಧನೆ

ಹುಬ್ಬಳ್ಳಿಯ ಕಡೆಯಿಂದ ಬರುವ ಹೆದ್ದಾರಿಯನ್ನು ಕುಳಗೇರಿ ಕ್ರಾಸಿನಲ್ಲಿ ಬಿಟ್ಟು ಬಾದಾಮಿಗೆ ಹೋಗುವವರು ಅಲ್ಲಿಯ ಗುಹೆಗಳನ್ನೂ ಅಗಸ್ತ್ಯತೀರ್ಥವನ್ನೂ ನೋಡಿ, ಗುಡ್ಡದ ಮೇಲಣ ಕೋಟೆಯತ್ತ ಒಮ್ಮೆ ಕಣ್ಣೆತ್ತಿ ಹಿಂದಿರುಗುವರು. ಕೋಟೆಯನ್ನು ಯಾರು ಕಟ್ಟಿದರು, ಯಾರು ಗೆದ್ದರು ಎಂಬುದನ್ನು ಇತಿಹಾಸಕಾರರು ಹೇಳಿರುವರು. ಆದರೆ ಕೋಟೆಯಲ್ಲಿದ್ದ ದಂಡು ತನಗೆ ಬೇಡವಾದುದನ್ನು ಎಲ್ಲಿ ಎಸೆಯಿತೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕೆಟ್ಟ ಮದ್ದು, ಮುರಿದ ಕಬ್ಬಿಣ, ಸೀಸದ ಗುಂಡು ಇವೆಲ್ಲವೂ ಯಾವುದೋ ಕುಣಿಯನ್ನೋ ಹಾಳು ಬಾವಿಯನ್ನೋ ಸೇರಲೇಬೇಕು. ದಂಡು ಎದ್ದುಹೋದರೂ ಕುಣಿ ಅಲ್ಲಿಯೇ ಉಳಿಯುವುದು. ಅದರ ಪಕ್ಕದಲ್ಲಿ ಜನರು ಬಾವಿ ತೋಡಿ ನೀರು ಕುಡಿಯುವರು. ಆದುದರಿಂದ ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ.

ಬಾದಾಮಿಯ ಉದಾಹರಣೆಯನ್ನೇ ನೋಡೋಣ. ೧೭೮೬ನೆಯ ಮೇ ತಿಂಗಳಲ್ಲಿ ಮರಾಠರೂ ನಿಜಾಮನೂ ಕೂಡಿ ಈ ಊರನ್ನು ಮುತ್ತಿದರು. ಒಳಗೆ ಟಿಪೂ ಸುಲ್ತಾನನ ಸುಮಾರು ೩,೫೦೦ ಜನರ ಕಾವಲುದಂಡು ಇದ್ದಿತು. ಇವರು ಕಂದಕದಲ್ಲಿಯೂ ಅದರ ಅಂಚಿನ ದಾರಿಯಲ್ಲಿಯೂ ಕುಣಿಗಳನ್ನು ತೋಡಿ ಮದ್ದು ತುಂಬಿಟ್ಟಿದ್ದರು. ಮೇ ೨೦ರಂದು ಲಗ್ಗೆಯಿಟ್ಟವರ ಕಾಲಡಿಯಲ್ಲಿ ಅವುಗಳಲ್ಲಿ ಹಲವು ಸಿಡಿದವು. ಮತ್ತೆ ೧೮೧೮ರ ಫೆಬ್ರುವರಿಯಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಹಿಡಿದನು. ಯುದ್ಧದ ವೃತ್ತಾಂತವು ಕೋಟೆ ಬಿದ್ದ ದಿನಕ್ಕೆ ಮುಗಿಯುವುದು. ನೆಲದ ವೃತ್ತಾಂತವು ಅಂದಿನಿಂದಲೇ ಆರಂಭವಾಗುವುದು.

ಅಂಥ ನೆಲದ ವೃತ್ತಾಂತವನ್ನು ಓದಲು ನಮ್ಮ ನಾಡಿನಲ್ಲಿಯೇ ಒಂದು ಸಂದರ್ಭ ಒದಗಿತು. ಶಿವಮೊಗ್ಗ ಜಿಲ್ಲೆಯ ನಗರವು ಹಿಂದೆ ಬಿದನೂರೆಂಬ ಹೆಸರಿನಿಂದ ಕೆಳದಿ ನಾಯಕರ ರಾಜಧಾನಿಯಾಗಿತ್ತು. ಹೈದರನು ೧೭೬೩ರಲ್ಲಿ ಅದನ್ನು ಗೆದ್ದು ಹೈದರನಗರವೆಂದು ಕರೆದು, ಅಲ್ಲಿ ಆಯುಧಶಾಲೆಯನ್ನು ಸ್ಥಾಪಿಸಿದನು. ೧೭೮೩ರಲ್ಲಿ ಆ ಕೋಟೆಯು ಇಂಗ್ಲಿಷರ ಕೈಸೇರಿ, ಅದೇ ವರ್ಷ ಟಿಪೂವಿನ ಕೈಗೆ ಮರಳಿತು. ಅಲ್ಲಿಯ ಹಾಳು ಬಾವಿಯೊಂದರಲ್ಲಿ ೨೦೦೨ರಲ್ಲಿ ನೂರಕ್ಕೂ ಮಿಕ್ಕಿದ ಕಬ್ಬಿಣದ ಅಗ್ನಿಬಾಣಗಳು ದೊರೆತವು. ೨೦೧೮ರ ಜುಲೈ ತಿಂಗಳಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆಯಿಸಲು, ಸಾವಿರಕ್ಕೂ ಹೆಚ್ಚು ಬಾಣಗಳು ರಾಶಿಯಾಗಿ ಬಿದ್ದಿದ್ದುದು ಕಂಡುಬಂದಿತು. ಅವುಗಳ ಉದ್ದ ೨೩ರಿಂದ ೨೬ ಸೆಂಟಿಮೀಟರು. ಗಮನಿಸತಕ್ಕ ಸಂಗತಿಯೆಂದರೆ, ಆ ಬಾವಿಯ ಕೆಸರು ಮದ್ದಿನ ವಾಸನೆಯನ್ನು ಬೀರುತ್ತಿದ್ದಿತು. ಆ ವಾಸನೆಯೇ ಅಗೆಯುವವರಿಗೆ ಸುಳಿವು ಕೊಟ್ಟಿತು. ಇನ್ನೂರು ವರ್ಷಗಳ ಮಲೆನಾಡಿನ ಮಳೆಯೂ ಅದನ್ನು ಪೂರ್ಣವಾಗಿ ತೊಳೆಯಲಾರದೆ ಹೋಯಿತು.

ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ. ಹಳೆಯ ಕಾಲದ ಮದ್ದಿನಲ್ಲಿ ಪೆಟ್ಲುಪ್ಪು, ಇದ್ದಲು, ಗಂಧಕಗಳೆಂಬ ಮೂರು ವಸ್ತುಗಳಿರುವವು. ಪೆಟ್ಲುಪ್ಪೇ ಸುಮಾರು ಮುಕ್ಕಾಲು ಪಾಲು. ಇದು ನೀರಿನಲ್ಲಿ ಬೇಗನೆ ಕರಗಿ ಅಂತರ್ಜಲಕ್ಕೆ ಇಳಿಯುವುದು. ಇದ್ದಲು ಕದಲದೆ ಉಳಿಯುವುದು. ಕಬ್ಬಿಣದ ಕೊಳವೆಯೊಳಗೆ ಬಿಗಿದ ಮದ್ದಾದರೋ ತುಕ್ಕು ತಿಂದು ತೆರೆಯುವವರೆಗೆ ಭದ್ರವಾಗಿರುವುದು. ಸೀಸವು ಬಿದ್ದಲ್ಲಿಯೇ ಬಹುಕಾಲ ನಿಂತು ಸುತ್ತಲಿನ ಮಣ್ಣನ್ನು ಕೆಡಿಸುವುದು. ಒಂದೇ ಕುಣಿಯಲ್ಲಿ ಎಸೆದ ವಸ್ತುಗಳು ಹೀಗೆ ಬೇರೆ ಬೇರೆ ವೇಗದಿಂದ ನಡೆಯುವವು.

ಇತ್ತೀಚಿನ ದಂಡುಗಳ ಕಸವು ಇದಕ್ಕಿಂತಲೂ ಉಗ್ರವಾದುದು. ಅಮೇರಿಕೆಯ ಉತ್ತರ ಕ್ಯಾರೊಲಿನಾ ಪ್ರಾಂತದ ಕ್ಯಾಂಪ್ ಲೆಜ್ಯೂನ್ ಎಂಬ ನೌಕಾಸೈನಿಕರ ನೆಲೆಯಲ್ಲಿ, ಯಂತ್ರಗಳ ಜಿಡ್ಡು ತೆಗೆಯುವ ದ್ರವಗಳೂ ಎಣ್ಣೆಗಳೂ ಕಸದ ಕುಣಿಗಳಿಂದಲೂ ಸೋರುವ ತೊಟ್ಟಿಗಳಿಂದಲೂ ನೆಲಕ್ಕಿಳಿದು ಕುಡಿಯುವ ನೀರಿನ ಬಾವಿಗಳನ್ನು ಸೇರಿದವು. ೧೯೫೩ರಿಂದ ೧೯೮೭ರವರೆಗೆ ಅಲ್ಲಿದ್ದ ಸೈನಿಕರೂ ಅವರ ಹೆಂಡಿರು ಮಕ್ಕಳೂ ಆ ನೀರನ್ನು ಕುಡಿದರು. ದೋಷವು ೧೯೮೨ರಲ್ಲಿ ಗೊತ್ತಾಯಿತು. ನೊಂದವರು ನ್ಯಾಯಾಲಯದಲ್ಲಿ ಪರಿಹಾರ ಕೇಳಲು ಮಾರ್ಗವಾದದ್ದು ೨೦೨೨ರ ಕಾನೂನಿನಿಂದ. ಯಾವ ವರ್ಷ ಯಾವ ಬಾವಿಯಿಂದ ಎಷ್ಟು ನೀರೆತ್ತಿದರೆಂಬ ಹಳೆಯ ದಾಖಲೆಗಳನ್ನು ಕೂಡಿಸಿ, ಗಣಕಯಂತ್ರದ ಸಹಾಯದಿಂದ ಗತಕಾಲದ ವಿಷದ ಪ್ರಮಾಣವನ್ನು ತಜ್ಞರು ಲೆಕ್ಕಹಾಕಿದರು. ರಸಾಯನಶಾಸ್ತ್ರವು ಇಲ್ಲಿ ಇತಿಹಾಸದ ಬಾಗಿಲಿಗೆ ಬಂದು ನಿಂತಿತು.

ಇಂಥ ಪರಿಶೋಧನೆಯ ಕ್ರಮವೂ ಇತಿಹಾಸಜ್ಞರಿಗೆ ಹೊಸದೇನಲ್ಲ. ಮೊದಲು ಹಳೆಯ ನಕಾಶೆಗಳನ್ನೂ ದಫ್ತರಗಳನ್ನೂ ಹುಡುಕಿ ಮದ್ದಿನ ಮನೆ, ಕಮ್ಮಾರಸಾಲೆ, ಮುಚ್ಚಿದ ಬಾವಿಗಳ ಸ್ಥಾನವನ್ನು ಗೊತ್ತುಮಾಡುವರು. ಬಳಿಕ ಊರ ಹಿರಿಯರನ್ನು ಕೇಳುವರು. ಆಮೇಲೆ ನೆಲದ ಇಳಿಜಾರನ್ನೂ ನೀರಿನ ಹರಿವನ್ನೂ ನೋಡಿ, ಕುಣಿಯ ಮೇಲ್ಗಡೆಯ ಒಂದು ಬಾವಿಯಿಂದಲೂ ಕೆಳಗಡೆಯ ಕೆಲವು ಬಾವಿಗಳಿಂದಲೂ ನೀರನ್ನು ತೆಗೆದು ಹೋಲಿಸುವರು. ಈ ಹೋಲಿಕೆಯೇ ಮುಖ್ಯವಾದುದು. ಪೆಟ್ಲುಪ್ಪಿನಿಂದ ನೀರಿಗೆ ಬರುವ ನೈಟ್ರೇಟು ಊರ ತಿಪ್ಪೆಯಿಂದಲೂ ಹೊಲದ ಗೊಬ್ಬರದಿಂದಲೂ ಬರಬಹುದು. ನಮ್ಮ ದೇಶದ ನಿಯಮದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೪೫ ಮಿಲಿಗ್ರಾಮನ್ನು ಮೀರಬಾರದು. ಮೀರಿದರೆ ಎಳೆಗೂಸುಗಳ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವುದುಂಟು. ಒಂದೇ ಬಾವಿಯ ನೀರನ್ನು ನೋಡಿ ಕೋಟೆಯನ್ನು ದೂಷಿಸುವುದು, ಒಂದೇ ಶಾಸನವನ್ನು ನೋಡಿ ವಂಶಾವಳಿಯನ್ನು ಬರೆದಂತೆ.

ನಮ್ಮ ಜಿಲ್ಲೆಯಲ್ಲಿ ಹುಡೆಯಿಲ್ಲದ ಹಳೆಯ ಊರು ಅಪರೂಪ. ಹುಡೆಯ ಬುಡದ ಬಾವಿಯನ್ನು ಯಾವಾಗ ಮುಚ್ಚಿದರು, ಕಂದಕವನ್ನು ಯಾವ ಮಣ್ಣಿನಿಂದ ತುಂಬಿದರು ಎಂಬುದನ್ನು ಬಲ್ಲ ವೃದ್ಧರು ದಿನೇ ದಿನೇ ಕಡಿಮೆಯಾಗುತ್ತಿರುವರು. ಅವರ ಮಾತುಗಳನ್ನು ಬರೆದಿಡುವುದು ವಿದ್ಯಾವಂತ ಮನೆಗಳಿಂದ ಆಗತಕ್ಕ ಕೆಲಸ. ಅಗೆಯುವ ಸಾಹಸ ಮಾತ್ರ ಸಲ್ಲದು. ಹಳೆಯ ಮದ್ದನ್ನು ನಂಬಲಾಗದು, ಪುರಾತನ ವಸ್ತುವೂ ಕೆಡುವುದು. ಬಾಣವೋ ಗುಂಡೋ ಕಂಡಲ್ಲಿ ಕೈಹಚ್ಚದೆ ತಹಸೀಲದಾರರಿಗೆ ತಿಳಿಸಬೇಕು; ಬಾವಿಯ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಬಳಿಕ ಒಮ್ಮೆ ಪರೀಕ್ಷೆಗೆ ಕಳಿಸಬೇಕು. ಕೋಟೆಯನ್ನು ಕಾದವರೂ ಮುತ್ತಿದವರೂ ಹೋಗಿ ಎಷ್ಟೋ ಕಾಲವಾಯಿತು. ಅವರು ಚೆಲ್ಲಿದ್ದರ ಲೆಕ್ಕವನ್ನು ಅಲ್ಲಿ ನೀರು ಸೇದುವವರೇ ನೋಡಿಕೊಳ್ಳಬೇಕಾಗಿದೆ.