ಹಸಿರು ಚುಕ್ಕೆಯ ಹಿಂದಿನ ಕಥೆ

ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಎಲ್ಲರಿಗೂ ಗೊತ್ತು. 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ಗೊತ್ತುಮಾಡಿದಾಗ ಹಾಲು ಸಸ್ಯಾಹಾರದ ಒಳಗೆ ಬಂತು, ಮೊಟ್ಟೆ ಹೊರಗುಳಿಯಿತು. ಎರಡೂ ಪ್ರಾಣಿಯಿಂದಲೇ ಬರುವಂಥವು. ಹಾಗಾದರೆ ಗೆರೆ ಎಳೆಯುವುದು ಎಲ್ಲಿ?

ನಮ್ಮ ನಾಡಿನಲ್ಲೇ ಅದು ಒಂದು ಕಡೆ ನಿಂತಿಲ್ಲ. ನಿಷ್ಠಾವಂತ ಜೈನರು ಗಡ್ಡೆಗೆಣಸು ಮುಟ್ಟುವುದಿಲ್ಲ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಾರೆ. ಚಾತುರ್ಮಾಸ್ಯ ಹಿಡಿಯುವ ಮಾಧ್ವರು ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯ ಬಿಡುತ್ತಾರೆ. ಒಂದು ತಿಂಗಳು ತೊಗರಿಬೇಳೆಯೂ ವರ್ಜ್ಯ! ಸೋಮವಾರ, ಶನಿವಾರ, ಶ್ರಾವಣದಲ್ಲಿ ಮಾತ್ರ ಮಾಂಸ ಬಿಡುವ ಮನೆಗಳಂತೂ ಊರೂರಲ್ಲಿವೆ.

ಇಂಗ್ಲೆಂಡಿನಲ್ಲಿ ಸಸ್ಯಾಹಾರಿಗಳ ಸಂಘ ಹುಟ್ಟಿದ್ದು 1847ರಲ್ಲಿ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು 1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಗೆ ಅಲ್ಲಿ ಮೂರು ಬಗೆಯವರು ಕಂಡರು. ಮೀನು, ಮೊಟ್ಟೆ ಆಗಬಹುದು ಎನ್ನುವವರು. ಮೀನು ಬೇಡ, ಮೊಟ್ಟೆ ಇರಲಿ ಎನ್ನುವವರು. ಹಾಲೂ ಬೇಡ ಎನ್ನುವವರು. (ಈ ಕೊನೆಯ ಬಗೆಯವರೇ 1944ರಲ್ಲಿ ಬೇರೆ ಸಂಘ ಕಟ್ಟಿ ವೀಗನ್ ಎಂಬ ಹೆಸರು ಇಟ್ಟುಕೊಂಡರು.) ಗಾಂಧೀಜಿ ಮೊಟ್ಟೆ ತಿನ್ನತೊಡಗಿ, ಆಮೇಲೆ ಬಿಟ್ಟರು. ಮಾತು ಪಡೆದ ತಾಯಿ ಯಾವುದನ್ನು ಮಾಂಸವೆಂದು ತಿಳಿದಿದ್ದರೋ ಅದೇ ತಮಗೂ ಮಾಂಸ ಎಂಬುದು ಅವರ ತೀರ್ಮಾನ.

ಮುಂದೆ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂತು. ಮೊಟ್ಟೆ, ಕೋಳಿ ಸಾರು ಕೊಡಿ ಎಂದರು ವೈದ್ಯರು. ಗಾಂಧೀಜಿ ಒಪ್ಪಲಿಲ್ಲ. ಕೇಳಿದಾಗ ಹುಡುಗನೂ ಬೇಡವೆಂದ. ತಾವು ಕೊಟ್ಟಿದ್ದರೆ ಅವನು ತಿನ್ನುತ್ತಿದ್ದ ಎಂದೂ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಗ ಉಳಿದ. ಆದರೂ ಆ ತೀರ್ಮಾನ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಅದನ್ನು ಮುಚ್ಚಿಡದೆ ಬರೆದದ್ದು ಮಾತ್ರ ದೊಡ್ಡದು.

2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ವಿಜಯಪುರ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ನನಗೆ ಮಣಿಲಾಲ ನೆನಪಾದ. ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ಸರ್ಕಾರ ನಿಲ್ಲಿಸದೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಇಟ್ಟಿತು. ಆಮೇಲೆ ಹೈಸ್ಕೂಲಿಗೂ ಬಂತು. ಮನೆಯ ನೇಮ ಮುರಿಯದೆ, ಬೇಕಾದ ಮಗುವಿನ ತಟ್ಟೆಯಿಂದಲೂ ಕಸಿಯದೆ ಮಾಡಿದ ಈ ಏರ್ಪಾಡು ಸರಿಯೆಂದೇ ನನಗೆ ತೋರುತ್ತದೆ. ನಾವು ಎಸ್ಸೆಸ್ಸೆಲ್ಸಿ ಓದುವಾಗ ಹೈಸ್ಕೂಲಿಗೆ ಬಿಸಿಯೂಟವೇ ಇರಲಿಲ್ಲ. ಬುತ್ತಿ ತರದವರು ಮಧ್ಯಾಹ್ನ ನಲ್ಲಿ ನೀರು ಕುಡಿದು ಕ್ಲಾಸಿಗೆ ಬರುತ್ತಿದ್ದರು.